ಐದರೊಳಗೆ

ವಿರುಪಾಕ್ಷ ತನ್ನ ಅಣ್ಣ ಗುರುಬಸವನ ಕೈಯಿಂದ ರಕ್ತಪರೀಕ್ಷೆಯ ಫಾರ್ಮ್ ಕಿತ್ತುಕೊಂಡು ಕಾರಿನ ಬಾಗಿಲು ತೆರೆದ. ಒಂದು ಕಾಲು ಆಗಲೇ ಹೊರಗಿತ್ತು. ಗುರುಬಸವ ಅವನ ಜಾಕೆಟ್ಟಿನ ಅಂಚು ಹಿಡಿದ. ಆ ಹಿಡಿತದಲ್ಲಿ ಬಲವೇನೂ ಇರಲಿಲ್ಲ, ಆದರೂ ವಿರುಪಾಕ್ಷ ನಿಂತ.

ಪೆಂಡಲ್ ಹಿಲ್ ರೈಲು ಸ್ಟೇಷನ್ನಿನ ಹತ್ತಿರದ ಪಾರ್ಕಿಂಗ್. ಎದುರಿಗೆ ದಿನಸಿ ಅಂಗಡಿ, ಪಕ್ಕದಲ್ಲಿ ಪರೀಕ್ಷೆಗೆ ರಕ್ತ ತೆಗೆಯುವ ಸಣ್ಣ ಕೋಣೆ. ಅದು ಹನ್ನೆರಡಕ್ಕೆ ಮುಚ್ಚುತ್ತದೆ. ಹನ್ನೊಂದು ನಲವತ್ತಾಗಿತ್ತು.

ಹಿಂದಿನ ಸೀಟಿನಲ್ಲಿ ಗುರುಬಸವನ ಹೆಂಡತಿ ನೇತ್ರಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮೈದುನನನ್ನು ಮೆಲ್ಬರ್ನ್‌ನಿಂದ ಬೆಳಗಿನ ವಿಮಾನಕ್ಕೆ ಕರೆಸಿಕೊಂಡವಳು ಅವಳೇ. ಅಣ್ಣನ ಬದಲು ತಮ್ಮ ಹೋದರೂ ಒಳಗೆ ಹೆಸರು ಮತ್ತು ಹುಟ್ಟಿದ ತಾರೀಖು ಮಾತ್ರ ಕೇಳುತ್ತಾರೆ, ಫೋಟೋ ಇರುವ ಗುರುತಿನ ಚೀಟಿ ಕೇಳುವುದಿಲ್ಲ ಎಂಬುದನ್ನು ಎರಡು ಸಲ ನೋಡಿಕೊಂಡಿದ್ದಳು.

ಗುರುಬಸವನಿಗೆ ಮೇದೋಜೀರಕದ ಕ್ಯಾನ್ಸರ್. ಆಪರೇಷನ್ ಆಗಿತ್ತು, ಕೀಮೋ ಆಗಿತ್ತು, ಗೆಡ್ಡೆ ಮತ್ತೆ ಬೆಳೆದಿತ್ತು. ಇನ್ನು ಉಳಿದದ್ದು ಮೆಲ್ಬರ್ನ್‌ನ ಒಂದು ಆಸ್ಪತ್ರೆಯಲ್ಲಿ ಹೊಸ ಔಷಧದ ಪ್ರಯೋಗ. ಸೇರಲು ಉಳಿದ ಷರತ್ತು ಒಂದೇ: ರಕ್ತದ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಕಣಗಳ ಲೆಕ್ಕವನ್ನು ಲಿಂಫೋಸೈಟ್ ಕಣಗಳ ಲೆಕ್ಕದಿಂದ ಭಾಗಿಸಿದರೆ ಉತ್ತರ ಐದರೊಳಗೆ ಬರಬೇಕು. ಆ ಉತ್ತರ ಏರುತ್ತಾ ಹೋದರೆ ಮನುಷ್ಯ ಹೆಚ್ಚು ದಿನ ತಡೆಯುವುದು ಕಷ್ಟ ಎಂದು ಡಾಕ್ಟರು ತಗ್ಗಿದ ದನಿಯಲ್ಲಿ ಹೇಳಿದ್ದರು. ಗುರುಬಸವನದು ಕೀಮೋ ಶುರುವಾದಾಗ ಮೂರು ಚಿಲ್ಲರೆ ಇತ್ತು. ಕಳೆದ ತಿಂಗಳು ಆರು. ಹೋದ ವಾರ ಎಂಟು. ಇವತ್ತಿನದೂ ಹಾಗೇ ಬಂದರೆ ಪ್ರಯೋಗದ ಬಾಗಿಲು ಮುಚ್ಚುತ್ತಾರೆ.

ಆಪರೇಷನ್ನಿನ ದಿನ ವಿರುಪಾಕ್ಷ ರಕ್ತ ಕೊಡಲೆಂದು ಅಂಗಿಯ ತೋಳು ಮಡಚಿಕೊಂಡೇ ಆಸ್ಪತ್ರೆಗೆ ಬಂದಿದ್ದ. ಹುಬ್ಬಳ್ಳಿಯಲ್ಲಿ ಅಪ್ಪನಿಗೆ ಆಪರೇಷನ್ ಆದಾಗ ಅಣ್ಣತಮ್ಮಂದಿರಿಬ್ಬರೂ ಸಾಲಿನಲ್ಲಿ ನಿಂತು ಒಂದೊಂದು ಬಾಟಲಿ ರಕ್ತ ಕೊಟ್ಟಿದ್ದರು. ಇಲ್ಲಿ ನರ್ಸ್ ನಕ್ಕು, ಬೇಕಾದಷ್ಟು ರಕ್ತ ಇದೆ, ನೀವು ಹೋಗಿ ಕಾಫಿ ಕುಡಿಯಿರಿ ಅಂದಳು. ಅವನು ಹೋಗಿ ಕಾಫಿ ಕುಡಿದ.

“ನಿನ್ನ ರಕ್ತದಾಗ ಅರ್ಧ ಬಿಯರ್ ಐತಿ,” ಎಂದ ಗುರುಬಸವ. “ನೋಡಿದವರು ನಂಗ ಏನಂತಾರ?”

“ಏನರ ಅನ್ನಲಿ. ಐದರೊಳಗ ಬಂದ್ರ ಸಾಕು.”

ಮೆಲ್ಬರ್ನ್‌ನಲ್ಲಿ ಅವರೇ ಮತ್ತೆ ರಕ್ತ ತೆಗೆದಾಗ ಏನು ಮಾಡುತ್ತೀರಿ ಎಂದು ಗುರುಬಸವ ಕೇಳಿದ. ಅಷ್ಟರಲ್ಲಿ ಹೆಸರು ಸೇರಿರುತ್ತದೆ, ಸೇರಿದವನನ್ನು ಯಾರೂ ಹೊರಗೆ ಹಾಕುವುದಿಲ್ಲ ಎಂದಳು ನೇತ್ರಾ. ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಮೂವರಿಗೂ ಗೊತ್ತಿತ್ತು.

“ಔಷಧ ಯಾರ ಮೈಯಾಗ ಹಾಕ್ತಾರ, ನನಗೋ ಇವಗೋ?” ಎಂದ ಗುರುಬಸವ.

ನೇತ್ರಾ ಮುಂದಿನ ಸೀಟಿನ ಬೆನ್ನಿಗೆ ಹಣೆ ಇಟ್ಟಳು. ಕಾಲು ಗಂಟೆ ಸುಮ್ಮನೆ ಕಾರಿನಲ್ಲಿ ಕೂತಿರು, ಇನ್ನು ಮುಂದೆ ನಿನ್ನನ್ನು ಏನೂ ಕೇಳುವುದಿಲ್ಲ, ಊಟ ಮಾಡು ಅಂತಲೂ ಅನ್ನುವುದಿಲ್ಲ ಎಂದಳು. ಅವಳ ಉಸಿರು ಗುರುಬಸವನ ಕತ್ತಿಗೆ ತಾಗುತ್ತಿತ್ತು. ಅಂಗಡಿಯಿಂದ ಯಾರೋ ಕೊತ್ತಂಬರಿಯ ಚೀಲ ಹಿಡಿದು ಹೊರಬಂದರು. ಹನ್ನೊಂದು ನಲವತ್ತೇಳು.

ವಿರುಪಾಕ್ಷ ಮತ್ತೆ ಒಳಗೆ ಬಂದು ಕೂತು ಬಾಗಿಲು ಹಾಕಿದ. ಜಾಕೆಟ್ಟಿನ ಎಡತೋಳನ್ನು ಮೊಣಕೈ ಮೇಲಕ್ಕೆ ಸರಿಸಿ ಕೈಯನ್ನು ಅಣ್ಣನ ಮುಂದೆ ಚಾಚಿದ. ನರಗಳು ದಪ್ಪಗೆ, ಹಸಿರಾಗಿ ಕಾಣುತ್ತಿದ್ದವು.

“ನನ್ನ ಹತ್ರ ಬ್ಯಾರೆ ಏನೂ ಇಲ್ಲ ಅಣ್ಣಾ. ಇದೊಂದು ತಗೋ.”

ಗುರುಬಸವ ಆ ಕೈಯನ್ನು ನೋಡಿದ. ಆಮೇಲೆ ಜಾಕೆಟ್ಟಿನ ತೋಳನ್ನು ಮಣಿಕಟ್ಟಿನವರೆಗೂ ಎಳೆದು ಮುಚ್ಚಿದ.

“ಬ್ಯಾಡ,” ಎಂದ.