ಹಾರ್ನಿಗೊಂದು ಡ್ರೈವರ್

ಎರಡನೇದೇ ಚೆನ್ನಾಗಿದೆ ರೀ, ಎಂದಳು ಹೆಂಡತಿ, ಅವನಿಗೂ ಹಾಗೇ ಅನ್ನಿಸಿತ್ತು, ಕಣ್ಣು ಮುಚ್ಚಿ ತಲೆದೂಗಿಯೂ ಬಿಟ್ಟಿದ್ದ, ಆಹಾ, ಹಾಡುವವಳ ಉಸಿರು ಕೂಡ ಕೇಳಿಸುತ್ತದಲ್ಲ, ಮೊದಲನೆಯದರಲ್ಲಿ ಎಲ್ಲಿತ್ತು ಈ ಸುಖ — ಎಂದುಕೊಳ್ಳುತ್ತಲೇ ಅಡ್ಡ ಕಟ್ಟಿದ್ದ ಹಳೆಯ ಬೆಡ್‌ಶೀಟು ಸರಿಸಿ ಹಿಂದಕ್ಕೆ ಹೋಗಿ ಬಗ್ಗಿದರೆ, ವೈರು, ಎರಡು ಜೊತೆ ವೈರೂ ಸ್ಪೀಕರಿನ ಹಾರ್ನಿನ ಬುಡದಲ್ಲಿ ಕೂತು ಸದ್ದು ಹೊರಡಿಸುವ ಒಂದೇ ಡ್ರೈವರಿನ ಬೆನ್ನಿಗೆ ಸಿಕ್ಕಿಕೊಂಡಿವೆ, ಅಂದರೆ ಸ್ವಿಚ್ಚು ಮೇಲೊತ್ತಿದರೂ ಅದೇ, ಕೆಳಗೊತ್ತಿದರೂ ಅದೇ, ಪಕ್ಕದ ಹಾರ್ನಿಗೆ ಕೂರಿಸಿದ ಹೊಸ ಡ್ರೈವರು ಬೆಳಗಿನಿಂದ ತುಟಿಪಿಟಕ್ಕೆಂದಿಲ್ಲ. ಥೂ, ನನ್ನ ಬುದ್ಧಿಗೆ ಬೆಂಕಿ ಹಾಕ. ಯಾವ ಹಾರ್ನು ಹಾಡುತ್ತಿದೆ ಎಂದು ಕಣ್ಣಿಗೆ ತಿಳಿಯಬಾರದು, ಕಿವಿಯೇ ಆರಿಸಬೇಕು ಎಂದು ಈ ಬೆಡ್‌ಶೀಟು ಬೇರೆ, ಸಂಜೆಯೊಳಗೆ ಕೇಳಿ ನೋಡಲೆಂದು ತಂದ ಎರಡು ಡ್ರೈವರಲ್ಲೊಂದನ್ನು ರೇಡಿಯೋ ರಿಪೇರಿಯವನಿಗೆ ವಾಪಸ್ ಕೊಡಬೇಕು, ಇವನು ನೋಡಿದರೆ ಒಂದನ್ನೇ ಎರಡು ಸಲ ಕೇಳಿ ಮೆಚ್ಚಿಕೊಂಡು ಕೂತಿದ್ದಾನೆ. ಹೋಗಲಿ, ತನ್ನ ಕಿವಿಯ ಜಂಬ ಹಾಳಾಗಲಿ, ಆದರೆ ಇವಳು, ಇವಳಿಗೆ ಹೇಗೆ ಎರಡನೆಯದು ಚೆನ್ನಾಗಿ ಕೇಳಿಸಿತು, ಕಿವಿ ಮಂದವಾಯಿತೇ, ಛೆ, ಮಹಡಿಯಲ್ಲಿ ಮಲಗಿದ್ದರೂ ಕೆಳಗೆ ನಲ್ಲಿ ತೊಟ್ಟಿಕ್ಕುವುದು ಇವಳಿಗೆ ಕೇಳಿಸುತ್ತದೆ, ರೀ ಎದ್ದು ನಿಲ್ಲಿಸಿ ಬನ್ನಿ — ಮತ್ತೆ ಹೇಗೆ. ಕಣ್ಣು. ಹೌದು, ತಲೆದೂಗಿ ಕಣ್ಣು ಬಿಟ್ಟಾಗ ಅವಳು ಬೆಡ್‌ಶೀಟಿನ ಕಡೆ ನೋಡುತ್ತಿರಲಿಲ್ಲ, ಅವಳ ಕಣ್ಣು ಅವನ ಮುಖದ ಮೇಲೆ ನೆಟ್ಟಿತ್ತು.

ಇವತ್ತಿನದಲ್ಲ ಇದು. ವರ್ಷಗಳ ಹಿಂದೆ ಅವನು ಕಟ್ಟಿದ ಮೊಟ್ಟಮೊದಲ ಹಾರ್ನು, ಪ್ಲೈವುಡ್ಡು ಕೊಯ್ದು ಅಂಟಿಸಿ ಮನೆಯ ತುಂಬ ಮರದ ಪುಡಿ, ಅನ್ನದಲ್ಲೂ ಪುಡಿ, ಆದರೂ ಒಂದು ಮಾತಾಡಲಿಲ್ಲ ಇವಳು, ಮುಚ್ಚಿಹೋದ ಚಿತ್ರಮಂದಿರದಿಂದ ತಂದ ಡ್ರೈವರನ್ನು ಅದಕ್ಕೆ ಕೂರಿಸಿದ ದಿನ ಸ್ಟೂಲಿನ ಮೇಲೆ ಕೂತು ಪಕಪಕ ನಕ್ಕಳು, ಅಯ್ಯೋ, ಕೊಡದೊಳಗೆ ತಲೆ ಹಾಕಿ ಹಾಡಿದ ಹಾಗಿದೆಯಲ್ರೀ! ಖರೆ ಮಾತು, ಅಷ್ಟುದ್ದದ ಹಾರ್ನಿಗೆ ಆ ಡ್ರೈವರಿನ ಸೋತ ಅಯಸ್ಕಾಂತ ಎಲ್ಲಿ ಸಾಲಬೇಕು, ಅವನಿಗೂ ಕೇಳಿಸಿತ್ತು, ಕೇಳಿಸಿದ್ದಕ್ಕೇ ಉರಿದುಹೋಯಿತು — ನಿನಗೇನು ಮಣ್ಣು ಗೊತ್ತಾಗುತ್ತೆ, ಸುಮ್ನಿರೆ — ಎಂದು ಗರಗಸ ತಂದು ಅವಳೆದುರಿಗೇ ಹಾರ್ನನ್ನು ತುಂಡು ತುಂಡು ಮಾಡುತ್ತಿದ್ದಾನೆ, ಬೇಡಾರೀ, ತಮಾಷೆಗಂದೆ, ಬೇಡಾರೀ, ಆಮೇಲೆ ಎಷ್ಟು ದಿನ ಮಾತುಬಿಟ್ಟು ತಟ್ಟೆ ನೋಡಿಕೊಂಡು ಉಂಡ, ದೇವರೇ, ಒಂದು ನಗುವಿಗೆ. ಅಲ್ಲಿಂದೀಚೆಗೆ ಎಲ್ಲವೂ ಚೆನ್ನಾಗಿದೆ ರೀ, ಗೋಡೆಯ ಬಣ್ಣ, ಅವನು ತಂದ ಸೀರೆ, ಅವನ ತಂಗಿಗೆ ನೋಡಿದ ಗಂಡು, ಎಲ್ಲ ಚೆನ್ನಾಗಿದೆ, ಪ್ರತಿ ಸಲವೂ ಆ ಕಣ್ಣು ಮೊದಲು ಅವನ ಮುಖಕ್ಕೆ ಬಂದು ಹೋಗುತ್ತಿತ್ತು, ಅವನು ಅದನ್ನು ಪ್ರೀತಿ ಎಂದುಕೊಂಡ. ರಿಪೇರಿಯವನು ಬೇರೆ, ನಿಮ್ಮನೆಯವರ ಕಿವಿ ಬಂಗಾರ ಬಿಡಿ ಸಾರ್, ನೀವು ಆರಿಸಿದ್ದನ್ನೇ ಆರಿಸ್ತಾರೆ, ಎಂದಾಗ ಉಬ್ಬಿಹೋಗಿದ್ದ, ಮುಠ್ಠಾಳ.

ವೈರು ಬಿಡಿಸಿ ಒಂದು ಜೊತೆಯನ್ನು ಹೊಸದಕ್ಕೆ ಸಿಕ್ಕಿಸಿದ. ಏನಾಯ್ತು ರೀ, ಏನಿಲ್ಲ ಕಣೇ, ಸಡಿಲ ಇತ್ತು, ಇನ್ನೊಂದ್ಸಲ ಕೇಳು, ಎಂದು ಬೆಡ್‌ಶೀಟಿನ ಹಿಂದೆಯೇ ಕುಕ್ಕರುಗಾಲಿನಲ್ಲಿ ಕೂತ, ಮುಖ ಕಾಣಬಾರದು, ಸ್ವಿಚ್ಚು ಒತ್ತಿದ, ಒಂದು, ಅದೇ ಹಾಡು, ಎರಡು, ಅಬ್ಬಾ, ಎಷ್ಟು ಬೇರೆ, ಯಾವುದು ಮೇಲು ಎಂದು ಅವನು ಯೋಚಿಸುವುದಿಲ್ಲ, ಇವತ್ತು ಯೋಚಿಸುವುದೇ ಇಲ್ಲ, ಅವಳು ಹೇಳಲಿ, ಎರಡೂ ದರಿದ್ರ ಅನ್ನಲಿ, ತಗೊಂಡ್ಹೋಗಿ ಬಾವಿಗೆ ಹಾಕಿ ಅನ್ನಲಿ, ಬೇಕಾದರೆ ನಗಲಿ, ಅವಳಿಗೆ ಅನ್ನಿಸಿದ್ದನ್ನು ಒಂದೇ ಒಂದು ಸಲ. ಯಾವುದು ಕಣೇ ಚೆನ್ನಾಗಿರೋದು? ನಿಂಗನ್ನಿಸಿದ್ದು ಹೇಳೇ, ನಾನೇನೂ ಅನ್ನಲ್ಲ. ಹಾಡು ಮುಗಿದು ಬರೀ ಗುಂಯ್ ಎನ್ನುತ್ತಿದೆ, ಹೇಳೇ, ಸ್ಟೂಲು ಸರಿಯಿತು, ಹೆಜ್ಜೆ, ಬೆಡ್‌ಶೀಟಿನ ಅಂಚು ಮೆಲ್ಲಗೆ ಮೇಲೇಳುತ್ತಿದೆ, ಆ ಸಂದಿನಲ್ಲಿ ಅವಳ ಕಣ್ಣು, ಅವನ ಮುಖ ಹುಡುಕುವ ಕಣ್ಣು, ಕಣ್ಣು —