ಚೆಂಡು ಬರುವ ಕಡೆ

ಸನ್ಮಾನ ಎಂದರೆ ತಳ್ಳಪ್ಪನಿಗೆ ಮೈಯೆಲ್ಲ ಉರಿ. ಅದೂ ಭಾವನ ಸನ್ಮಾನ. ವೆಲ್ಡಿಂಗ್ ಅಂಗಡಿಯ ಬಾಗಿಲೆಳೆದು ಬೀಗ ಹಾಕುವಾಗಲೂ ಗೊಣಗುತ್ತಿದ್ದ, ಹಳೆಯ ತಂಡದ ಅಂಗಿಯೊಳಗೆ ಹೊಟ್ಟೆ ತುರುಕುವಾಗಲೂ ಗೊಣಗುತ್ತಿದ್ದ. ಅಕ್ಕ ಫೋನಿನಲ್ಲಿ ಅಷ್ಟು ಗೋಗರೆಯದೇ ಹೋಗಿದ್ದರೆ ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಅಕ್ಕನ ಗಂಡ ಸಾಮಾನ್ಯದವನಲ್ಲ. ಪತ್ರಿಕೆಯವರು 'ಸಿಡಿಲು' ಎಂದು ಕರೆದ ಹಾಕಿ ಆಟಗಾರ. ಸುಳ್ಳೇಕೆ ಹೇಳಬೇಕು, ಆಡುತ್ತಿದ್ದ ಮಹರಾಯ. ಅವನ ಎದುರು ಪಂದ್ಯವಿದೆ ಎಂದರೆ ಗೋಲ್‌ಕೀಪರ್‌ಗಳಿಗೆ ಹಿಂದಿನ ದಿನವೇ ಅನ್ನ ಸೇರುತ್ತಿರಲಿಲ್ಲ. ಪೆನಾಲ್ಟಿ ಕಾರ್ನರ್ ಸಿಕ್ಕಿತೋ, ಎದುರಾಳಿಗಳ ಬೆಂಚಿನಲ್ಲಿ ಕೂತವರು ಮುಖ ತಿರುಗಿಸಿಬಿಡುತ್ತಿದ್ದರು. ಭಾವ ಹೊಡೆಯುತ್ತಿದ್ದ. ಹೊಡೆದ ಮೇಲೆ ಚೆಂಡು ಎಲ್ಲಿಗೆ ಹೋಯಿತೆಂದು ನೋಡುತ್ತಲೂ ಇರಲಿಲ್ಲ, ಅಷ್ಟು ಧಿಮಾಕು.

ಆದರೆ ಆ ಚೆಂಡು ತಾನಾಗಿ ನಡೆದುಕೊಂಡು ಅವನ ಬಳಿಗೆ ಬರುತ್ತಿರಲಿಲ್ಲವಲ್ಲ. ಗೋಲಿನ ಪಕ್ಕದ ಗೆರೆಯ ಮೇಲೆ ಬಗ್ಗಿ ನಿಂತು ಒಬ್ಬ ಅದನ್ನು ತಳ್ಳಬೇಕು. ವೃತ್ತದ ಅಂಚಿನಲ್ಲಿ ಇನ್ನೊಬ್ಬ ತಡೆದು ನಿಲ್ಲಿಸಬೇಕು. ಆಮೇಲೆ ಸಿಡಿಲು ಬಡಿಯಬೇಕು. ಅಷ್ಟೂ ವರ್ಷ ತಳ್ಳಿದವನು ಇವನು, ಒಂದು ಗೇಣು ಆಚೀಚೆ ಆಗದಂತೆ. ತಳ್ಳಪ್ಪ ಎಂಬ ಅಡ್ಡಹೆಸರು ಅಂಟಿದ್ದೂ ಅದರಿಂದಲೇ. ಭಾವನ ಬಾಯಲ್ಲಿ ಮಾತ್ರ ಅವನ ಮಾತು ಒಂದು ದಿನವೂ ಬರಲಿಲ್ಲ. ಹೋದ ತಿಂಗಳು ಟಿವಿಯವರು ಕೇಳಿದ್ದಕ್ಕೆ, "ತಳ್ಳೋದಾ? ಅದನ್ನ ಯಾರು ಬೇಕಾದ್ರೂ ತಳ್ತಾರೆ" ಎಂದು ನಕ್ಕುಬಿಟ್ಟಿದ್ದ. ಆ ನಗುವನ್ನು ತಳ್ಳಪ್ಪ ಇನ್ನೂ ನುಂಗಿಕೊಂಡಿರಲಿಲ್ಲ.

ಇವತ್ತು ಭಾಷಣಗಳಾದ ಮೇಲೆ ಭಾವನ ಹಳೆಯ ಪೆನಾಲ್ಟಿ ಕಾರ್ನರ್ ಗೋಲೊಂದನ್ನು ಜನರ ಮುಂದೆ ಮತ್ತೊಮ್ಮೆ ಹೊಡೆದು ತೋರಿಸುವುದೆಂದು ನಿಗದಿಯಾಗಿತ್ತು. ಚೆಂಡು ತಡೆಯುತ್ತಿದ್ದವನು ತೀರಿಕೊಂಡಿದ್ದರಿಂದ ಭಾವನೇ ತಡೆದು ಭಾವನೇ ಹೊಡೆಯಬೇಕಿತ್ತು.

ತಳ್ಳಪ್ಪ ಮೈದಾನದ ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟಾಗ ಭಾವ ಪ್ಯಾಂಟು ಮೇಲಕ್ಕೆ ಸರಿಸಿ ಮಂಡಿಗೆ ಪಟ್ಟಿ ಬಿಗಿಯುತ್ತಿದ್ದ.

"ಬಾಗಿಲು ಹಾಕು" ಎಂದ. "ಇವತ್ತು ಸ್ವಲ್ಪ ಮೆಲ್ಲಗೆ ತಳ್ಳು. ಮಂಡಿ ಬಗ್ಗಲ್ಲ."

ಇಷ್ಟು ವರ್ಷದಲ್ಲಿ ಭಾವ ಅವನನ್ನು ಏನಾದರೂ ಕೇಳಿದ್ದು ಇದೇ ಮೊದಲು.

"ಆಗ್ಲಿ" ಎಂದ ತಳ್ಳಪ್ಪ. "ಮೈಕಲ್ಲಿ ನನ್ನ ಹೆಸರು ಹೇಳಿ. ಚೆಂಡು ತಳ್ಳಿದ್ದು ಇವನು ಅಂತ. ಅಷ್ಟು ಸಾಕು."

"ನಿಂಗೊಂದು ಹೆಸರಿನ ಹುಚ್ಚು."

"ನಿಮಗೆ ಬಿಟ್ಟಿದೆಯಾ ಭಾವ? ಹೊರಗೆ ಗೋಡೆ ತುಂಬ ನಿಮ್ಮ ಮುಖಾನೇ ಅಂಟಿಸಿದಾರೆ."

"ಆಯ್ತು ಕಣೋ, ನೋಡೋಣ" ಎಂದು ಭಾವ ಪ್ಯಾಂಟು ಇಳಿಸಿದ.

ವೇದಿಕೆಯ ಮೇಲೆ ಭಾವ ತರಬೇತುದಾರನನ್ನು ನೆನೆದ. ಶೂ ಹೊಲಿದವನನ್ನು, ಮೈದಾನಕ್ಕೆ ನೀರು ಹೊಡೆದವನನ್ನು ನೆನೆದ. ತನ್ನ ಎಡಗಾಲನ್ನೂ ಹೊಗಳಿದ, ಜನ ಬಿದ್ದೂ ಬಿದ್ದೂ ನಕ್ಕರು. ತಳ್ಳಪ್ಪ ಮೆಟ್ಟಿಲ ಕೆಳಗೆ ಸ್ಟಿಕ್ ಹಿಡಿದು ಕಾದ. ಭಾವ ಎಲ್ಲರಿಗೂ ಕೈಮುಗಿದು ಮೈಕ್ ಬಿಟ್ಟ. ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಗಂಡನನ್ನು ನೋಡಿದಳು, ತಮ್ಮನನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿದಳು.

ತಳ್ಳಪ್ಪ ಗೆರೆಯ ಮೇಲೆ ಹೋಗಿ ಬಗ್ಗಿದ. ಮೆಲ್ಲಗಂತೆ, ಮೆಲ್ಲಗೆ. ಹೊಟ್ಟೆಯೊಳಗಿನ ಕಿಚ್ಚನ್ನೆಲ್ಲ ಮಣಿಕಟ್ಟಿಗೆ ತಂದು, ಹಿಂದೆ ಫೈನಲ್ ಪಂದ್ಯಗಳಲ್ಲಿ ತಳ್ಳುತ್ತಿದ್ದಷ್ಟೇ ರಭಸದಿಂದ, ಅಷ್ಟೇ ನೇರವಾಗಿ ತಳ್ಳಿದ. ಭಾವನ ಸ್ಟಿಕ್ ನೆಲ ಮುಟ್ಟುವಷ್ಟರಲ್ಲಿ ಚೆಂಡು ಅದರಡಿ ನುಸುಳಿ ದಾಟಿಹೋಗಿತ್ತು. ಸಿಡಿಲು ಒಂದು ಕೈ ಹುಲ್ಲಿಗೆ ಊರಿ ಮುಗ್ಗರಿಸಿ ನಿಂತಿತು.

ಮೈಕ್ ಹಿಡಿದಿದ್ದ ನಿರೂಪಕ ಗಡಿಬಿಡಿಯಲ್ಲಿ ಬಾಯಿಬಿಟ್ಟ: "ತಪ್ಪು ನಮ್ಮ ಸಿಡಿಲಿನದಲ್ಲ, ಚೆಂಡು ತಳ್ಳಿದವರದು." ಜೊತೆಗೇ ಕೈಯಲ್ಲಿದ್ದ ಚೀಟಿ ನೋಡಿ ತಳ್ಳಪ್ಪನ ನಿಜವಾದ ಹೆಸರನ್ನು, ಅಪ್ಪನ ಹೆಸರಿನ ಸಮೇತ, ಸ್ಪಷ್ಟವಾಗಿ ಓದಿದ.

ಅಂತೂ ಹೆಸರು ಬಂತು. ತಳ್ಳಪ್ಪನಿಗೆ ಅಳು ಬಂದ ಹಾಗಾಯಿತು, ಅದರ ಬೆನ್ನಿಗೇ ನಗುವೂ ಬಂತು.

ಇನ್ನೊಂದು ಚೆಂಡು ತಂದು ಅವನ ಮುಂದೆ ಇಟ್ಟರು. ಭಾವ ಮತ್ತೆ ಕಷ್ಟಪಟ್ಟು ಬಗ್ಗಿ, ಮೆಲ್ಲಗೆ ಎಂದು ಅಂಗೈ ಆಡಿಸಿ ಸನ್ನೆ ಮಾಡಿದ. ಬಾಯಿ ಬಿಟ್ಟು ಕೇಳಲು ಇಷ್ಟು ಜನರೆದುರು ಆಗಲಿಲ್ಲ.

"ಯಾರು ಬೇಕಾದ್ರೂ ತಳ್ತಾರಲ್ಲ ಭಾವ" ಎಂದ ತಳ್ಳಪ್ಪ. "ಕರೀರಿ ಯಾರನ್ನಾದ್ರೂ."

ಸ್ಟಿಕ್ಕನ್ನು ಗೆರೆಯ ಮೇಲೆ ಮಲಗಿಸಿ ಗೇಟಿನ ಕಡೆ ನಡೆದ.

ಭಾವ ಬಗ್ಗಿದವನು ಬಗ್ಗಿಯೇ ಇದ್ದ. ಇಷ್ಟು ವರ್ಷ ಆ ಜನ ಗೋಲನ್ನು ನೋಡಿದ್ದರು, ಭಾವನನ್ನು ನೋಡಿದ್ದರು. ಈಗ ಇಡೀ ಮೈದಾನ ಕತ್ತು ಹೊರಳಿಸಿ ಚೆಂಡು ಬರುವ ಕಡೆ ನೋಡಿತು. ಅಲ್ಲಿ ಚೆಂಡಿತ್ತು, ಸ್ಟಿಕ್ ಇತ್ತು, ತಳ್ಳುವವನು ಇರಲಿಲ್ಲ.