ಸಂಜೆಗೊಂದೇ ಬೀಡಿ

ರಂಜಾನ್ ತಿಂಗಳೆಲ್ಲ ಹಗಲು ಹೊತ್ತು ಬೀಡಿ ಮುಟ್ಟದವನಿಗೆ ಚಟ ಎಲ್ಲಿಯದು? ಚಿಕ್ಕನಾಯಕನಹಳ್ಳಿಯ ಮೆಕ್ಯಾನಿಕ್ ರಹಮತುಲ್ಲಾನ ವಾದ ಇದು. ಪಂಪ್ ಮೋಟಾರು, ಕಾಯಿ ಸುಲಿಯುವ ಯಂತ್ರ, ಏನೇ ಕೆಟ್ಟರೂ ರೈತರು ಅವನ ಅಂಗಡಿಗೇ ಹೊತ್ತು ತರುತ್ತಿದ್ದರು. ಬಂದವರಿಗೆಲ್ಲ ರಿಪೇರಿಯ ಜೊತೆ ಈ ವಾದ ಪುಕ್ಕಟೆ. ಹೆಂಡತಿ ಖತೀಜಾ ಬೀ ಅವನ ಕೆಮ್ಮು ಕೇಳಿ ಗೊಣಗಿದಾಗಲೂ ಅದೇ ಉತ್ತರ: ವರ್ಷಕ್ಕೊಂದು ತಿಂಗಳು ಬಿಟ್ಟು ತೋರಿಸುತ್ತೇನೆ, ಬೇಕೆಂದ ದಿನ ಪೂರ್ತಿ ಬಿಡುತ್ತೇನೆ. ಸಂಜೆ ರೋಜಾದ ಉಪವಾಸ ಮುರಿಯುವಾಗ ಬಾಯೊಳಗಿನ ಖರ್ಜೂರ ಇಳಿಯುವ ಮೊದಲೇ ಅವನ ಕೈ ಜೇಬಿಗೆ ಹೋಗುವುದನ್ನು ಅವಳು ನೋಡುತ್ತಿದ್ದಳು. ಹೇಳಿ ಜಗಳ ಯಾಕೆ ಎಂದು ಇನ್ನೊಂದು ಖರ್ಜೂರ ಅವನ ಮುಂದಿಡುತ್ತಿದ್ದಳು.

ಬೇಕೆಂದ ದಿನ ಬಂದೇಬಿಟ್ಟಿತು. ಎಡಗಾಲಿನ ಹೆಬ್ಬೆರಳು ಕಪ್ಪಗಾಗಿ ಉರಿಯತೊಡಗಿತು. ತುಮಕೂರಿನಲ್ಲಿ ಡಾಕ್ಟರ್ ಗಿರಿಜಾಂಬಿಕಾ ಕಾಲು ಒತ್ತಿ ನೋಡಿ, ಬೀಡಿಯಿಂದ ರಕ್ತನಾಳಗಳು ಮುಚ್ಚಿಕೊಳ್ಳುತ್ತಿವೆ, ಇವತ್ತೇ ಪೂರ್ತಿ ನಿಲ್ಲಿಸಿದರೆ ಪಾದ ಉಳಿದೀತು ಎಂದರು. ನಿಕೋಟಿನ್ ಎಂಬುದು ಮೈಗೆ ಹತ್ತಿದ ಚಟ, ಅದಕ್ಕೆ ಛಲ ಒಂದೇ ಸಾಲದು, ಅಗಿಯುವ ಮದ್ದಿದೆ, ತೆಗೆದುಕೊಳ್ಳಿ ಎಂದೂ ಹೇಳಿದರು. ರಹಮತುಲ್ಲಾನಿಗೆ ಅವಮಾನವಾಯಿತು.

"ಅದೆಲ್ಲ ಚಟ ಇರೋರ್ಗೆ ಕೊಡಿ ಮೇಡಂ. ನಾನು ರೋಜಾ ಇರೋನು."

ಬಿಟ್ಟ. ಹೇಗೆ ಬಿಟ್ಟ ಎಂದರೆ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ. ಬೆಳಗಿನಿಂದ ಹಲ್ಲು ಕಚ್ಚಿ ಕೂತ. ಮಧ್ಯಾಹ್ನಕ್ಕೆ ತಲೆ ಸಿಡಿಯಿತು, ಸ್ಪ್ಯಾನರ್ ಹಿಡಿದ ಕೈ ನಡುಗಿತು, ಹಳೆಯ ಗಿರಾಕಿ ಹುಚ್ಚರಂಗಯ್ಯನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದ. ಸಂಜೆಯ ಆಜಾನ್ ಕೇಳಿದ್ದೇ ತಡ, ಅಂಗಡಿಯ ಹಿಂದೆ ತೆಂಗಿನ ಮಟ್ಟೆಯ ರಾಶಿಯ ಮರೆಯಲ್ಲಿ ಒಂದು ಬೀಡಿ. ಒಂದೇ. ದಿನವಿಡೀ ಬಿಟ್ಟವನಿಗೆ ಒಂದು ಲೆಕ್ಕವೇ? ಅಯ್ಯೋ ಪುಣ್ಯಾತ್ಮ, ಆ ಒಂದು ಬೀಡಿಯೇ ಮರುದಿನದ ನಡುಕಕ್ಕೆ ಗೊಬ್ಬರ ಹಾಕುತ್ತಿತ್ತು. ಪೂರ್ತಿ ಬಿಟ್ಟಿದ್ದರೆ ಕೆಲವು ವಾರಗಳಲ್ಲಿ ಇಳಿಯುತ್ತಿದ್ದ ಹಿಂಸೆಯನ್ನು ಅವನು ದಿನಾ ಹೊಸದಾಗಿ ಶುರುಮಾಡಿಕೊಳ್ಳುತ್ತಿದ್ದ. ಮನೆಯಲ್ಲಿ ಮಾತ್ರ, ಕೆಳಗೆ ಬಿದ್ದರೂ ಜಟ್ಟಿಯ ಮೀಸೆ ಮಣ್ಣಾಗಲಿಲ್ಲ ಎಂಬ ಹಾಗೆ, ಬಿಟ್ಟೆನಲ್ಲ ನೋಡು ಎನ್ನುತ್ತಿದ್ದ. ಖತೀಜಾ ಬೀ ನಂಬಿದಳು. ಆ ಖುಷಿಗೆ ಶಾವಿಗೆ ಪಾಯಸ ಮಾಡಿ ಅಕ್ಕಪಕ್ಕದ ಮನೆಗಳಿಗೂ ಹಂಚಿದಳು.

ಮಳೆಗಾಲ ಮುಗಿಯುವುದರೊಳಗೆ ಕಪ್ಪು ಪಾದಕ್ಕೇರಿತು. ಕತ್ತರಿಸದೆ ಬೇರೆ ದಾರಿಯಿಲ್ಲ ಎಂದ ಡಾಕ್ಟರ್, ನಿಜವಾಗಿ ಬಿಟ್ಟಿದ್ದಿರಾ ಎಂದು ಕೇಳಿದರು. ಸಂಜೆಗೊಂದೇ ಸೇದುತ್ತಿದ್ದೆ ಎಂದು ಅವನು ಮೆಲ್ಲಗೆ ಹೇಳಿದ. ಪಕ್ಕದಲ್ಲಿ ಕೂತಿದ್ದ ಖತೀಜಾ ಬೀ ಅವನತ್ತ ತಿರುಗಲಿಲ್ಲ.

ಆಪರೇಷನ್ ಆದ ಮೇಲೆ ಒಂದು ಸಂಜೆ, ಆಸ್ಪತ್ರೆಯ ಕಿಟಕಿಯಾಚೆ ಹೊತ್ತು ಮುಳುಗಿತು. ಇಂಜೆಕ್ಷನ್ ಕೊಟ್ಟಿದ್ದರಿಂದ ಗಾಯ ಅಷ್ಟಾಗಿ ಕಾಡುತ್ತಿರಲಿಲ್ಲ. ಕಾಡುತ್ತಿದ್ದುದು ಬೀಡಿ. ಯಾವುದರಿಂದ ಪಾದ ಹೋಯಿತೋ ಅದನ್ನೇ ಮೈ ಈಗಲೂ ಕೇಳುತ್ತಿದೆಯಲ್ಲ ಎಂದು ರಹಮತುಲ್ಲಾನಿಗೆ ಮೊದಲು ಹೇಸಿಗೆಯಾಯಿತು, ಆಮೇಲೆ ಭಯವಾಯಿತು. ಮದ್ದು ಬೇಡವೆಂದ ತನ್ನ ಬಾಯನ್ನು ತಾನೇ ಶಪಿಸಿಕೊಂಡು ಅತ್ತ.

"ನಂಗೆ ಚಟ ಐತೆ ಕಣೇ," ಎಂದ.

ಖತೀಜಾ ಬೀ ಹೊದಿಕೆ ಸರಿಮಾಡುತ್ತಿದ್ದಳು. ಕಾಲಿನ ಕಡೆ ಹೊದಿಕೆ ತಗ್ಗಾಗಿದ್ದಲ್ಲಿ ಅವಳ ಕೈ ನಿಂತಿತು.

"ಈ ಮಾತು ಆ ಕಾಲಿದ್ದಾಗ್ಲೇ ಬರ್ಬೇಕಿತ್ತು ಕಣ್ರೀ. ಇನ್ನೊಂದ್ನಾದ್ರೂ ಉಳಿಸ್ಕಳಾಣ," ಎಂದು ಹೇಳಿ, ಡಾಕ್ಟರನ್ನು ಕರೆಯಲು ಎದ್ದಳು.